ತಿದ್ದುವ ಓದುಗನ ಅಧಿಕಾರ: ಗುಮಟಾಪುರದಿಂದ ಕಂಡ ಜಾಲಬರೆಹ

ಅಂತರ್ಜಾಲದ ಕನ್ನಡ ಬರೆಹದ ಗುಣಮಟ್ಟ ಕುಸಿದಿದೆ ಎಂಬ ಮಾತು ವಿದ್ವತ್ ಗೋಷ್ಠಿಗಳಲ್ಲಿ ಈಗ ಸವೆದ ನಾಣ್ಯದಂತಾಗಿದೆ. ಆ ಮಾತಿಗೆ ಒದಗಿಸುವ ನಿದರ್ಶನಗಳೂ ಬಹುಮಟ್ಟಿಗೆ ಒಂದೇ: ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲ, ಒತ್ತಕ್ಷರದ ಲೋಪ, ವಿಭಕ್ತಿಯ ಅಪಪ್ರಯೋಗ, ಇಂಗ್ಲಿಷ್ ವಾಕ್ಯದ ಜಾಡಿನಲ್ಲೇ ಸಾಗುವ ಅನುವಾದ. ಪರಿಹಾರವೂ ಸಿದ್ಧವಾಗಿಯೇ ಇದೆ: ಓದುಗರೇ ತಿದ್ದಲಿ. ಅಚ್ಚಾದ ಪುಟಕ್ಕಿಲ್ಲದ ಸೌಕರ್ಯ ಜಾಲಬರೆಹಕ್ಕಿದೆ. ಅಲ್ಲಿ ಬರೆದದ್ದು ಒಣಗಿ ಗಟ್ಟಿಯಾಗುವುದಿಲ್ಲ. ಓದುವವರು ಹೆಚ್ಚಿದಷ್ಟೂ ತಪ್ಪು ಕಡಿಮೆಯಾಗುತ್ತದೆ ಎಂಬುದು ಈ ಪರಿಹಾರದ ಹಿಂದಿರುವ ನಂಬಿಕೆ.

ಆ ನಂಬಿಕೆಯನ್ನು ಪರೀಕ್ಷಿಸಲು ಈ ಲೇಖನ ಕನ್ನಡದ ಅಂಚಿನ ಒಂದು ಊರನ್ನು ಆರಿಸಿಕೊಂಡಿದೆ. ಗುಮಟಾಪುರ ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿದೆ. ಜನರ ಮನೆಮಾತು ಕನ್ನಡ. ಈರೋಡಿಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಇಳಿಯಬೇಕು. ಚಾಮರಾಜನಗರವಾದರೆ ಘಟ್ಟ ಇಳಿಯದೆ ತಲುಪುವಷ್ಟು ಹತ್ತಿರ. ವರ್ಷದ ಬಹುಪಾಲು ದಿನ ಈ ಊರಿನ ಬಗ್ಗೆ ಅಂತರ್ಜಾಲ ಮೌನವಾಗಿರುತ್ತದೆ. ದೀಪಾವಳಿಯ ಬಲಿಪಾಡ್ಯಮಿ ಕಳೆದ ಮಾರನೆಯ ದಿನ, ಬೀರೇಶ್ವರನ ಗುಡಿಯ ಬಳಿ ಗೊರೆ ಹಬ್ಬ ನಡೆದಾಗ, ಹಲವು ಭಾಷೆಗಳಲ್ಲಿ ಒಮ್ಮೆಲೇ ಬರೆಹ ಹುಟ್ಟುತ್ತದೆ. ಆ ಬರೆಹದಲ್ಲಿ ಯಾವ ತಪ್ಪುಗಳು ತಿದ್ದಲ್ಪಡುತ್ತವೆ, ಯಾವುವು ಉಳಿಯುತ್ತವೆ, ತಿದ್ದಬಲ್ಲವರು ಯಾರು ಎಂಬುದು ಇಲ್ಲಿಯ ಪ್ರಶ್ನೆ.

ಹೆಸರಿನ ಸುತ್ತು ಪಯಣ

ಮೊದಲಿಗೆ ಹೆಸರನ್ನೇ ನೋಡಬಹುದು. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ. ತಮಿಳಿನ ವಾಡಿಕೆಯಂತೆ ಊರ ಹೆಸರಿನ 'ಪುರ' 'ಪುರಂ' ಆಗುತ್ತದೆ. ಆದ್ದರಿಂದ ಆ ಲಿಪಿಯನ್ನು ಹಾದು ರೋಮನ್ ಲಿಪಿಗೆ ಬಂದ ಹೆಸರು ಒಮ್ಮೆ ಗಕಾರದಿಂದ, ಒಮ್ಮೆ ಕಕಾರದಿಂದ ಆರಂಭವಾಗುತ್ತದೆ. ಒಮ್ಮೆ ಪುರವಾಗಿ, ಒಮ್ಮೆ ಪುರಂ ಆಗಿ ಮುಗಿಯುತ್ತದೆ. ಕನ್ನಡಕ್ಕೆ ಹಿಂತಿರುಗುವಾಗ ಮತ್ತೊಂದು ಬದಲಾವಣೆ ಸೇರುತ್ತದೆ. 'ಗುಮ್ಮಟ' ಎಂಬ ಪರಿಚಿತ ಪದವನ್ನು ನೆನೆಯುವವರು ಮಕಾರಕ್ಕೆ ಒತ್ತು ಕೊಟ್ಟು 'ಗುಮ್ಮಟಾಪುರ' ಎಂದು ಬರೆಯುತ್ತಾರೆ. ಅದು ಅಜ್ಞಾನದ ತಪ್ಪಲ್ಲ, ಪಾಂಡಿತ್ಯದ ತಪ್ಪು. ಅಪರಿಚಿತವಾದುದನ್ನು ಪರಿಚಿತಕ್ಕೆ ಎಳೆದು ಹೊಂದಿಸುವ ಈ ಚಾಳಿ ಪ್ರತಿಕಾರರ ಕಾಲದಿಂದಲೂ ಉಂಟು. ಗ್ರಂಥಸಂಪಾದನೆ ಕಲಿತವರಿಗೆ ಇದು ಹೊಸತಲ್ಲ.

'ತಾಳವಾಡಿ'ಯ ಪಾಡು ಇನ್ನೂ ಬೋಧಕ. ದಕ್ಷಿಣದ ರೋಮನ್ ಬರೆವಣಿಗೆಯಲ್ಲಿ ತಕಾರಕ್ಕೆ ಎರಡು ಅಕ್ಷರ ಬಳಸುವ ರೂಢಿಯಿದೆ. ಯಂತ್ರ ಅದನ್ನು ಥಕಾರವೆಂದು ಓದುತ್ತದೆ. ಲ, ಳಗಳ ಭೇದವಾಗಲಿ ಹ್ರಸ್ವ ದೀರ್ಘಗಳ ಭೇದವಾಗಲಿ ರೋಮನ್‌ನಲ್ಲಿ ಉಳಿಯುವುದಿಲ್ಲ. ಹೀಗೆ ಒಂದೇ ಊರು ತಲವಾಡಿ, ತಾಲವಾಡಿ, ಥಳವಾಡಿ ಆಗಿ ಮರಳಬಲ್ಲದು. ಗಾಜನೂರು ಗಜನೂರಾಗುವುದೂ ಹೀಗೆಯೇ. ಹಬ್ಬದ ಹೆಸರಿಗೂ ಇದೇ ಗತಿ: ಗೊರೆ, ಗೋರೆ ಎಂಬ ಎರಡೂ ರೂಪಗಳು ಬರೆಹದಲ್ಲಿ ಕಾಣಸಿಗುತ್ತವೆ, ರೋಮನ್‌ನಲ್ಲಿ ಅವೆರಡೂ ಒಂದೇ.

ಇಲ್ಲಿ ಗಮನಿಸಬೇಕಾದದ್ದು ಹೀಗಿದೆ. ಈ ಯಾವ ರೂಪವನ್ನೂ ಕಾಗುಣಿತ ಪರೀಕ್ಷಕ ತಂತ್ರಾಂಶ ತಪ್ಪೆಂದು ನಿರ್ಣಯಿಸಲಾರದು. ನಿಘಂಟಿನಲ್ಲಿ ಊರ ಹೆಸರುಗಳಿರುವುದಿಲ್ಲ. ಬೆಂಗಳೂರಿನಲ್ಲಿ ಕುಳಿತ ಸುಶಿಕ್ಷಿತ ಓದುಗನೂ ನಿರ್ಣಯಿಸಲಾರ. ಅವನ ಕೈಯಲ್ಲಿರುವುದು ವ್ಯುತ್ಪತ್ತಿಯ ಊಹೆ ಮಾತ್ರ. ನಿರ್ಣಯಿಸಬಲ್ಲದ್ದು ಊರಿನ ಬಾಯಿ. ಗುಣಮಟ್ಟದ ಮೊದಲ ಮೆಟ್ಟಿಲಾದ ಹೆಸರಿನಲ್ಲೇ ವ್ಯಾಕರಣಜ್ಞಾನಕ್ಕಿಂತ ಸ್ಥಳಜ್ಞಾನ ಮೇಲಾಗುತ್ತದೆ.

ಒಂದು ದಿನದ ಊರು

ಗೊರೆ ಹಬ್ಬದ ವಿವರಣೆಗಳಲ್ಲಿ ಒಂದು ಸಿದ್ಧಮಾದರಿ ಏರ್ಪಟ್ಟಿದೆ. ಸಗಣಿ, ಅದನ್ನು ಎರಚಾಡುವ ಬರಿಮೈಯ ಗಂಡಸರು, ಹಾಗೂ ಸ್ಪೇನಿನ ಬುನ್ಯೋಲ್ ಪಟ್ಟಣದ ಟೊಮಾಟೊ ಹಬ್ಬದೊಡನೆ ಹೋಲಿಕೆ. ಹೋಲಿಕೆಯೇನೂ ನಿಷಿದ್ಧವಲ್ಲ, ದೂರದ ಓದುಗನಿಗೆ ಅದು ಒಂದು ಹಿಡಿ. ಆದರೆ ಹೋಲಿಕೆ ವಿವರಣೆಯ ಜಾಗವನ್ನೇ ಆಕ್ರಮಿಸಿದಾಗ ಹಬ್ಬದ ಒಳರಚನೆ ಕಾಣದಾಗುತ್ತದೆ. ಮನೆಮನೆಯ ಕೊಟ್ಟಿಗೆಯ ಸಗಣಿ ಊರಿನ ಒಂದೆಡೆ ರಾಶಿಯಾಗುವುದು, ಹುಲ್ಲಿನ ಗಡ್ಡಮೀಸೆ ಕಟ್ಟಿಕೊಂಡ ಚಾಡಿಕೋರ ಕತ್ತೆಯೇರಿ ಮೆರವಣಿಗೆಯಲ್ಲಿ ಬರುವುದು, ಕಡೆಗೆ ಚಾಡಿಕೋರನ ಪ್ರತಿಕೃತಿಯನ್ನು ಸುಡುವುದು, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ಆಚರಣೆ. ಊರಿನ ಒಗ್ಗಟ್ಟನ್ನು ಮುರಿಯುವ ಚಾಡಿಯನ್ನು ವರ್ಷಕ್ಕೊಮ್ಮೆ ಹಾಸ್ಯದ ಮೂಲಕ ಹೊರಹಾಕುವ ವಿಧಿಯೆಂದು ಇದನ್ನು ಓದಬಹುದು. ಅನೇಕ ಬರೆಹಗಳಲ್ಲಿ ಚಾಡಿಕೋರನೇ ಇಲ್ಲ. ಇದ್ದರೆ ಅವನು ವೇಷಧಾರಿ ವಿದೂಷಕ. ಸಗಣಿ ಉಳಿದಿದೆ, ಅರ್ಥ ಬಿದ್ದುಹೋಗಿದೆ.

ಇಂಥ ಬರೆಹ ಭಾಷೆಯ ದೃಷ್ಟಿಯಿಂದ ನಿರ್ದುಷ್ಟವಾಗಿರಬಹುದು. ಒತ್ತಕ್ಷರ ಸರಿ, ಕ್ರಿಯಾಪದ ಸರಿ, ವಾಕ್ಯ ಸರಾಗ. ಆದರೂ ಅದು ಕಳಪೆ ಬರೆಹ. ಗಡಿಯ ಯಾವ ಬದಿಯಲ್ಲಿ ಊರಿದೆ ಎಂಬಲ್ಲಿಯೂ ಇದೇ ತೊಡಕು. ಹಬ್ಬ ಕನ್ನಡದ್ದಾದುದರಿಂದ ಊರನ್ನು ಕರ್ನಾಟಕಕ್ಕೆ ಸೇರಿಸುವುದು ಒಂದು ಬಗೆಯ ಅಲಕ್ಷ್ಯ. ಊರು ತಮಿಳುನಾಡಿನದೆಂದು ಸರಿಯಾಗಿ ಬರೆದು ಅಲ್ಲಿಯ ಮನೆಮಾತನ್ನು ಹೇಳದಿರುವುದು ಇನ್ನೊಂದು ಬಗೆಯ ಅಲಕ್ಷ್ಯ. ಎರಡನೆಯದನ್ನು ಯಾರೂ ತಪ್ಪೆಂದು ಗುರುತಿಸುವುದಿಲ್ಲ, ಏಕೆಂದರೆ ಅಲ್ಲಿ ಬರೆದದ್ದೆಲ್ಲ ನಿಜ. ಅಲ್ಪಸಂಖ್ಯಾತ ಭಾಷಾ ಸಮುದಾಯ ಬರೆಹದಿಂದ ಮರೆಯಾಗುವುದು ಸುಳ್ಳಿನಿಂದಲ್ಲ, ಇಂಥ ಅರೆನಿಜದಿಂದ.

ಅಚ್ಚಿನ ಕಾಲದ ತಿದ್ದುಪಡಿ

ಓದುಗ ತಿದ್ದುವ ಪದ್ಧತಿಯನ್ನು ಅಂತರ್ಜಾಲ ಸೃಷ್ಟಿಸಲಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಳ್ಳಬೇಕೆಂದು ಸಹೃದಯರನ್ನು ಬೇಡುವುದು ನಮ್ಮ ಓಲೆಗರಿಯ ಲಿಪಿಕಾರರ ಸಂಪ್ರದಾಯ. ಅಚ್ಚಿನ ಪುಸ್ತಕದ ಕೊನೆಯಲ್ಲಿ ತಪ್ಪೊಪ್ಪೋಲೆ ಬಂದಿತು. ಈ ಸಂಬಂಧವನ್ನು ಅತ್ಯಂತ ಘನತೆಯಿಂದ ನಡೆಸಿದ ಒಂದು ನಿದರ್ಶನ ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯಲ್ಲಿ 1991ರಿಂದ ಬರೆಯತೊಡಗಿದ 'ಇಗೋ ಕನ್ನಡ'. ಓದುಗರು ಒಂದು ಪದದ ರೂಪವನ್ನೋ ಅರ್ಥವನ್ನೋ ಕೇಳುತ್ತಿದ್ದರು. ಅವರು ಸರಿ ತಪ್ಪನ್ನು ಬರಿದೆ ಘೋಷಿಸದೆ ಪ್ರಯೋಗಗಳನ್ನು ಮುಂದಿಟ್ಟು ತೀರ್ಮಾನ ಹೇಳುತ್ತಿದ್ದರು. ಸಾಮಾನ್ಯ ಓದುಗನೂ ನಿಘಂಟುಕಾರನೂ ಒಂದೇ ಆಧಾರದ ಮುಂದೆ ನಿಲ್ಲುತ್ತಿದ್ದರು. ತಿದ್ದುಪಡಿಗೆ ಕಾರಣವಿರುತ್ತಿತ್ತು, ಕಾರಣಕ್ಕೆ ಸಹಿ ಇರುತ್ತಿತ್ತು.

ಈ ಅಳತೆಗೋಲಿನಿಂದ ಇಂದಿನ ಎರಡು ಮಾದರಿಗಳನ್ನು ಹೋಲಿಸಬಹುದು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ. ಮುಂದೆ ಬಳಕೆದಾರರು ತಿದ್ದುಪಡಿ ಸೂಚಿಸುವ ಅವಕಾಶವೂ ಬಂದಿತು. ಆದರೆ ಸೂಚಿಸಿದವನಿಗೆ ಮಾರುತ್ತರವಿರಲಿಲ್ಲ. ಸಲಹೆ ಸ್ವೀಕೃತವಾಯಿತೇ, ಯಾವ ಕಾರಣಕ್ಕೆ ತಿರಸ್ಕೃತವಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಇದು ಹುಂಡಿಗೆ ಕಾಣಿಕೆ ಹಾಕಿದಂತೆ. 2021ರ ಜೂನ್‌ನಲ್ಲಿ ಕನ್ನಡವನ್ನು ಹೀನಾಯವಾಗಿ ಬಣ್ಣಿಸುವ ಉತ್ತರವೊಂದು ಗೂಗಲ್ ಹುಡುಕಾಟದಲ್ಲಿ ಕಂಡಾಗ ನಾಡಿನಾದ್ಯಂತ ಆಕ್ರೋಶವೆದ್ದು, ಸಂಸ್ಥೆ ಅದನ್ನು ತೆಗೆದು ಕ್ಷಮೆ ಕೇಳಿತು. ಕೋಟಿಗಟ್ಟಲೆ ಜನರ ಕೂಗಿಗೆ ತಕ್ಷಣ ಫಲ ಸಿಕ್ಕಿತು. ಬೆಟ್ಟದ ಮೇಲಿನ ಒಂದು ಊರಿನ ಹೆಸರಿಗೆ ಅಂಥ ಕೂಗಿನ ಬಲವಿಲ್ಲ.

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅಲ್ಲಿ ಪ್ರತಿಯೊಂದು ತಿದ್ದುಪಡಿಯ ಇತಿಹಾಸ ಉಳಿಯುತ್ತದೆ, ಚರ್ಚೆಗೆ ಪ್ರತ್ಯೇಕ ಪುಟವಿದೆ, ಹಿಂದಿನ ಪಾಠವನ್ನು ಯಾರೂ ನೋಡಬಹುದು. ಪಾಠಾಂತರಗಳನ್ನು ಅಡಿಯಲ್ಲಿ ದಾಖಲಿಸುವ ಗ್ರಂಥಸಂಪಾದಕನಿಗೆ ಇದಕ್ಕಿಂತ ಪ್ರಿಯವಾದ ವ್ಯವಸ್ಥೆ ಇರಲಾರದು. ಅದರ ಶಕ್ತಿ ಬೆಳಕಿಗೆ ಬಂದದ್ದು 2010ರ ಸುಮಾರಿಗೆ. ಗೂಗಲ್ ತನ್ನ ಅನುವಾದ ಸಲಕರಣೆಯ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ತುಂಬಿಸತೊಡಗಿತ್ತು. ಬಂಗಾಳಿ ಸಮುದಾಯ ಅದನ್ನು ತಡೆಯಿತು. ತಮಿಳು ಸಮುದಾಯ ಲೇಖನಗಳನ್ನು ಪರಿಶೀಲಿಸಿ, ದೋಷಗಳನ್ನು ಪಟ್ಟಿಮಾಡಿ, ತಿದ್ದುವ ಹೊಣೆಯನ್ನು ಅನುವಾದಕರ ಮೇಲೆಯೇ ಹೊರಿಸಿ ಮಾತುಕತೆ ನಡೆಸಿತು. ಕನ್ನಡದಲ್ಲಿ ಅಂಥ ಅನೇಕ ಲೇಖನಗಳು ಕೃತಕ ವಾಕ್ಯಗಳೊಡನೆ ಉಳಿದು, ಬೆರಳೆಣಿಕೆಯ ಸ್ವಯಂಸೇವಕರ ಹೆಗಲಿಗೆ ಬಿದ್ದವು. ವ್ಯವಸ್ಥೆ ಒಂದೇ, ಫಲ ಬೇರೆ. ತಿದ್ದುವ ಗುಂಡಿ ಇದ್ದಮಾತ್ರಕ್ಕೆ ತಿದ್ದುವ ಸಮುದಾಯ ಹುಟ್ಟುವುದಿಲ್ಲ. ದ್ವಿಭಾಷಿಕ ಗಡಿಯಲ್ಲಿರುವ ನಾವು ನೆರೆಯ ತಮಿಳಿನಿಂದ ಕಲಿಯಬೇಕಾದ ಪಾಠ ಇದು.

ಯಾರ ಮಾತು ಆಧಾರ?

ಇನ್ನು ಪ್ರಶ್ನೆಯ ತಿರುಳಿಗೆ ಬರಬಹುದು. ಗುಮಟಾಪುರದ ಒಬ್ಬ ಹಿರಿಯರು ಹಬ್ಬದ ವಿವರಣೆಯೊಂದನ್ನು ತಿದ್ದಲು ಬಯಸಿದರೆನ್ನಿ. ವಿಕಿಪೀಡಿಯದ ನಿಯಮದಂತೆ ಪ್ರಕಟಿತ ಆಧಾರ ಬೇಕು. ಹಿರಿಯರಲ್ಲಿರುವುದು ಪ್ರತಿವರ್ಷ ಹಬ್ಬದಲ್ಲಿ ನಿಂತು ಗಳಿಸಿದ ತಿಳಿವು, ಅದು ಪ್ರಕಟಿತವಲ್ಲ. ಹಬ್ಬದ ಮಧ್ಯಾಹ್ನ ಬಂದು ಸಂಜೆಗೆ ಹಿಂತಿರುಗಿದ ವರದಿಗಾರನ ಬರೆಹ ಪ್ರಕಟಿತ. ಎರಡನೆಯದು ಉಳಿಯುತ್ತದೆ, ಮೊದಲನೆಯದು ಆಧಾರವಿಲ್ಲವೆಂದು ಅಳಿಸಲ್ಪಡುತ್ತದೆ. ನಿಯಮ ದುರುದ್ದೇಶದ್ದಲ್ಲ, ಅದಿಲ್ಲದಿದ್ದರೆ ಗಾಳಿಮಾತು ತುಂಬಿಕೊಳ್ಳುತ್ತದೆ. ಆದರೆ ಬರೆಹಕ್ಕಿಂತ ಬಾಯಿಮಾತಿನಲ್ಲಿ ಹೆಚ್ಚು ಬದುಕಿರುವ ಸಮುದಾಯದ ಮೇಲೆ ಅದರ ಭಾರ ಅಸಮಾನವಾಗಿ ಬೀಳುತ್ತದೆ. 2011ರಲ್ಲಿ ಅಚಲ್ ಪ್ರಭಲ ಅವರು ಮಲಯಾಳ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಮೌಖಿಕ ಆಧಾರದ ಪ್ರಯೋಗ ನಡೆಸಿದ್ದು ಇದೇ ಕೊರತೆಯನ್ನು ಕಂಡು. ಧ್ವನಿಮುದ್ರಿತ ಸಂದರ್ಶನವನ್ನು ಉಲ್ಲೇಖವಾಗಿ ಒಪ್ಪಬಹುದೇ ಎಂದು ಅವರ ಯೋಜನೆ ಕೇಳಿತು. ಅದು ಸರ್ವಮಾನ್ಯ ನಿಯಮವಾಗಲಿಲ್ಲ.

ಸ್ಥಳೀಯನ ಮಾತೆಲ್ಲ ಸತ್ಯವೆಂದು ಇಲ್ಲಿ ವಾದಿಸುತ್ತಿಲ್ಲ. ಅಭಿಮಾನವೂ ತಪ್ಪನ್ನು ತಿದ್ದುಪಡಿಯ ವೇಷದಲ್ಲಿ ತರಬಲ್ಲದು. ಇದೇ ತಾಳವಾಡಿ ಸೀಮೆಯ ಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಜನಿಸಿದ ರಾಜ್‌ಕುಮಾರ್ ಅವರ ಹುಟ್ಟೂರನ್ನು ಬರೆಯುವ ಬಗೆಯನ್ನು ನೋಡಬಹುದು. ತಂದೆ ಪುಟ್ಟಸ್ವಾಮಯ್ಯನವರ ಹೆಸರಿಗೆ ಸಿಂಗಾನಲ್ಲೂರು ಅಂಟಿಕೊಂಡಿರುವುದರಿಂದ ಅದನ್ನೇ ಜನ್ಮಸ್ಥಳವೆನ್ನುವವರುಂಟು. ಶಿವಮೊಗ್ಗದ ಬಳಿಯ ತುಂಗಾ ಅಣೆಕಟ್ಟಿನ ಊರಿಗೂ ಗಾಜನೂರು ಎಂದೇ ಹೆಸರು. ಅಲ್ಲಿ ಗೊಂದಲಕ್ಕೆ ಎಡೆಯಿದೆ. ಊರು ಸರಿಯಾದರೂ ಆಡಳಿತದ ವಿವರ ಎಡವಿಸುತ್ತದೆ. 1929ರಲ್ಲಿ ತಾಳವಾಡಿ, ಕೊಳ್ಳೇಗಾಲ ಎರಡೂ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಈರೋಡ್ ಜಿಲ್ಲೆ ರೂಪುಗೊಂಡದ್ದು 1979ರಲ್ಲಿ. ಆದ್ದರಿಂದ ಅವರು ಈರೋಡ್ ಜಿಲ್ಲೆಯಲ್ಲಿ ಜನಿಸಿದರೆಂದು ಬರೆಯುವುದು ಇಂದಿನ ನಕ್ಷೆಯ ದೋಷ; ಮೈಸೂರು ಸಂಸ್ಥಾನದಲ್ಲಿ ಎಂದು ತಿದ್ದುವುದು ಅಭಿಮಾನದ ದೋಷ. ಎರಡೂ ತಿದ್ದುಪಡಿಗಳು ಓದಲು ಸಹಜವಾಗಿವೆ. ಎರಡೂ ಇತಿಹಾಸವನ್ನು ಅಳಿಸುತ್ತವೆ. ಕಾರಣ ಬರೆಯದ ತಿದ್ದುಪಡಿಯ ಅಪಾಯ ಇದು: ತಪ್ಪು ಹೋಗಿ ಸರಿ ಬಂದಿತೋ, ಒಂದು ತಪ್ಪು ಹೋಗಿ ಇನ್ನೊಂದು ಬಂದಿತೋ ತಿಳಿಯುವ ದಾರಿಯಿಲ್ಲ.

ದೋಷವೋ ದೇಸಿಯೋ

ತಿದ್ದುಪಡಿಯ ಇನ್ನೊಂದು ಮುಖ ನುಡಿಗೆ ಸಂಬಂಧಿಸಿದ್ದು. ತಾಳವಾಡಿಯ ಕನ್ನಡ ಚಾಮರಾಜನಗರ ಸೀಮೆಯ ಕನ್ನಡದ ಬಂಧು. ಈ ಸೀಮೆಯ ಮಾತಿನಲ್ಲಿ ಪದಾದಿಯ ಹಕಾರ ಸಡಿಲ, ಹಬ್ಬ 'ಅಬ್ಬ'ವಾಗುತ್ತದೆ. ಸ್ವಲ್ಪ ಎನ್ನಲು 'ವಸಿ' ಸಾಕು. ಈ ರೂಪಗಳನ್ನು ಬರೆದರೆ ತಂತ್ರಾಂಶ ಕೆಂಪು ಗೆರೆ ಎಳೆಯುತ್ತದೆ, ಓದುಗ ಅನುಕಂಪದಿಂದ ತಿದ್ದುತ್ತಾನೆ. ಇದೇ ಬಂಧುನುಡಿಯ ಬಲದಿಂದ ದೇವನೂರ ಮಹಾದೇವ ಅವರ 'ಕುಸುಮಬಾಲೆ' ರಚಿತವಾಯಿತು. 1990ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಮಲೆ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ಸಂಪಾದಿಸಿದ ಜಾನಪದ ವಿದ್ವಾಂಸರು ಗಾಯಕರ ಉಚ್ಚಾರವನ್ನು ದೋಷವೆಂದು ಎಣಿಸಲಿಲ್ಲ. ಕಾವ್ಯದಲ್ಲಿ ಗೌರವಿಸುವ ನುಡಿಯನ್ನು ಮಾಹಿತಿಯ ಬರೆಹದಲ್ಲಿ ಅಳಿಸುವುದೇಕೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಮಂಜಸ ಉತ್ತರವಿಲ್ಲ.

ಈ ವಿಷಯದಲ್ಲಿ ನಮ್ಮ ಹಳೆಯ ಲಕ್ಷಣಗ್ರಂಥ ಇಂದಿನ ತಂತ್ರಾಂಶಕ್ಕಿಂತ ಉದಾರವಾಗಿತ್ತು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಗುಣದೋಷಗಳನ್ನು ವಿಸ್ತಾರವಾಗಿ ವಿವೇಚಿಸಿದ ಕೃತಿ. ಅದೇ ಕೃತಿ ಕನ್ನಡವನ್ನು ಬಹುವಚನದಲ್ಲಿ ಕಂಡಿತು. ದೇಸಿ ಬೇರೆ ಬೇರೆಯಾಗಿರುವುದರಿಂದ ದೋಷ ಇಷ್ಟೇ ಎಂದು ಎಣಿಸಹೊರಟರೆ ವಾಸುಕಿಗೂ ಬೇಸರ ಬಂದೀತೆಂದು ಹೇಳಿತು. ವಿಶೇಷವಾಗಿ ಓದದವರೂ ತಮ್ಮ ತಮ್ಮ ನುಡಿಯಲ್ಲಿ ಜಾಣರೆಂದು ಒಪ್ಪಿತು. ನಿಯಮವೂ ಬೇಕು, ನಿಯಮಕ್ಕೆ ತನ್ನ ಎಲ್ಲೆಯ ಅರಿವೂ ಬೇಕು ಎಂಬುದು ಅದರ ನಿಲುವು. ನಮ್ಮ ಕಾಲದಲ್ಲಿ ಡಿ. ಎನ್. ಶಂಕರ ಭಟ್ಟರು 'ಕನ್ನಡ ಬರಹವನ್ನು ಸರಿಪಡಿಸೋಣ' ಎಂದಾಗ ಸರಿಪಡಿಸಬೇಕಾದದ್ದು ಜನರ ಮಾತನ್ನಲ್ಲ, ಮಾತಿಗೆ ದೂರವಾದ ಬರೆಹವನ್ನು ಎಂದು ದಿಕ್ಕನ್ನೇ ತಿರುಗಿಸಿದರು. ಅವರ ಸೂಚನೆಗಳನ್ನು ಒಪ್ಪದವರೂ ಆ ಪ್ರಶ್ನೆಯನ್ನು ಎದುರಿಸಲೇಬೇಕು.

ಇದು ಬರಿಯ ತಾತ್ವಿಕ ಚರ್ಚೆಯಲ್ಲ. ಜಾಲದಲ್ಲಿರುವ ಬರೆಹವೇ ಈಗ ಅನುವಾದ ಯಂತ್ರಗಳ ಪಠ್ಯಪುಸ್ತಕ. ಅಲ್ಲಿ 'ಅಬ್ಬ' ಇಲ್ಲದಿದ್ದರೆ ಯಂತ್ರದ ಪಾಲಿಗೆ ಆ ಕನ್ನಡವೇ ಇಲ್ಲ. ತಾಳವಾಡಿಯ ಎಳೆಯರ ಸ್ಥಿತಿಯನ್ನೂ ಇದರೊಡನೆ ನೆನೆಯಬೇಕು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆ ಒಂದನೆಯ ತರಗತಿಯಿಂದ ತೊಡಗಿ ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯಗೊಳಿಸಿತು. ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಹತ್ತನೆಯ ತರಗತಿಯ ಪರೀಕ್ಷೆಗೆ ವಿನಾಯಿತಿ ಕೋರಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಎರಡು ಭಾಷೆಗಳ ನಡುವೆ ಬೆಳೆಯುವ ಹುಡುಗನಿಗೆ ತನ್ನ ಕನ್ನಡದ ಬಗ್ಗೆ ಮೊದಲೇ ಅಳುಕಿರುತ್ತದೆ. ಅವನು ತನ್ನೂರಿನ ಬಗ್ಗೆ ಬರೆದ ಮೊದಲ ವಾಕ್ಯಕ್ಕೆ ಬರುವ ಮೊದಲ ಪ್ರತಿಕ್ರಿಯೆ ಕಾಗುಣಿತದ ತಿದ್ದುಪಡಿಯಾದರೆ, ಎರಡನೆಯ ವಾಕ್ಯವನ್ನು ಅವನು ಬರೆಯದಿರಬಹುದು. ಆಗ ಜಾಲದ ಕನ್ನಡ ಶುದ್ಧವಾಗಿ ಉಳಿಯುತ್ತದೆ. ಗುಮಟಾಪುರದ ಬಗ್ಗೆ ತಿಳಿದವನೊಬ್ಬ ಮಾತ್ರ ಅಲ್ಲಿರುವುದಿಲ್ಲ.

ಮಾಡಬಹುದಾದದ್ದು

ಮೇಲಿನ ವಿವೇಚನೆಯಿಂದ ಮೂರು ಸೂಚನೆಗಳು ಹೊರಡುತ್ತವೆ. ಒಂದು, ಅಕ್ಷರದ ತಿದ್ದುಪಡಿಯನ್ನೂ ತಿಳಿವಿನ ತಿದ್ದುಪಡಿಯನ್ನೂ ಬೇರೆಯಾಗಿ ಎಣಿಸಬೇಕು. ಮೊದಲನೆಯದನ್ನು ಯಾರು ಬೇಕಾದರೂ ಮಾಡಲಿ; ಎರಡನೆಯದಕ್ಕೆ ಕಾರಣವನ್ನು ಬರೆಯುವುದು ಕಡ್ಡಾಯವಾಗಲಿ. ಎರಡು, ಗಡಿಯೂರುಗಳ ಹೆಸರುಗಳ ಕೋಶವೊಂದು ಬೇಕು. ಊರಿನವರ ಉಚ್ಚಾರದ ಧ್ವನಿಮುದ್ರಿಕೆ, ಅದಕ್ಕೆ ಹೊಂದುವ ಕನ್ನಡ ರೂಪ, ತಮಿಳು ಮತ್ತು ರೋಮನ್ ರೂಪಗಳು ಒಂದೆಡೆ ದೊರೆತರೆ, ಯಂತ್ರಕ್ಕೂ ಮನುಷ್ಯನಿಗೂ ಅದು ನೆರವಾಗುತ್ತದೆ. ದ್ವಿಭಾಷಿಕ ವಿದ್ವಾಂಸರಲ್ಲದೆ ಬೇರಾರೂ ಇದನ್ನು ಸಮರ್ಪಕವಾಗಿ ಮಾಡಲಾರರು, ಏಕೆಂದರೆ ತಪ್ಪು ಹುಟ್ಟುವುದೇ ಎರಡು ಲಿಪಿಗಳ ನಡುವಿನ ಸಂದಿಯಲ್ಲಿ.

ಮೂರನೆಯದು ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನ ಕೇಂದ್ರಗಳಿಗೂ ಅವುಗಳ ನಿಯತಕಾಲಿಕಗಳಿಗೂ ಸೇರಿದ್ದು. ಜಾಲದ ನಿಯಮ ಪ್ರಕಟಿತ ಆಧಾರವನ್ನು ಕೇಳುವುದಾದರೆ ಆ ಆಧಾರವನ್ನು ಪ್ರಕಟಿಸಬಲ್ಲವರು ನಾವು. ಒಂದು ಊರಿನ ಹಬ್ಬ, ಒಂದು ಗುಡಿಯ ಆಚರಣೆ, ಒಂದು ಹೆಸರಿನ ಉಚ್ಚಾರ, ಇವುಗಳ ಬಗ್ಗೆ ಊರಿನವರ ಹೇಳಿಕೆಯನ್ನು ಅವರ ನುಡಿಯಲ್ಲೇ ದಾಖಲಿಸಿ, ಪರಿಶೀಲಿಸಿ, ಎರಡು ಪುಟದ ಟಿಪ್ಪಣಿಯಾಗಿ ಅಚ್ಚುಮಾಡಿದರೆ ಸಾಕು. ಹಿರಿಯರ ತಿಳಿವು ಉಲ್ಲೇಖಾರ್ಹವಾಗುತ್ತದೆ. ನಾವು ದೊಡ್ಡ ಪ್ರಬಂಧಗಳಿಗೆ ಮಾತ್ರ ಪುಟ ಮೀಸಲಿಡುತ್ತ ಬಂದಿದ್ದೇವೆ. ಜಾಲಬರೆಹ ಕಳಪೆಯೆಂದು ದೂರುವ ವಿದ್ವತ್‌ವಲಯ ತನ್ನ ಕೈಯಲ್ಲಿರುವ ಈ ಚಿಕ್ಕ ಕೆಲಸವನ್ನು ಮಾಡದಿದ್ದರೆ ಆ ದೂರಿಗೆ ತೂಕವಿರುವುದಿಲ್ಲ. ಬರೆಹದ ಗುಣಮಟ್ಟವೆಂಬುದು ಕೊನೆಗೂ ಬರೆದ ಪದ ಎಷ್ಟು ಶುದ್ಧ ಎಂಬುದರಲ್ಲಿ ಮುಗಿಯುವುದಿಲ್ಲ. ಯಾರ ಬಗ್ಗೆ ಬರೆದಿದೆಯೋ ಅವರು ಓದಿ, ಇದು ನಮ್ಮೂರೇ ಎಂದು ಗುರುತಿಸಬಲ್ಲರೇ ಎಂಬುದರಲ್ಲಿ ನಿಲ್ಲುತ್ತದೆ.